ಮೆದು ಕಿಟ್ಟ

“ಇಲಿ ಕಡಿದ ರಟ್ಟೂ ಇದಕ್ಕಿಂತ ನೆಟ್ಟಗಿರುತ್ತೆ ಕಣೋ, ಬೋಳಿಮಗನೇ.”

ಹಾಗೆಂದು ಸೂಪರ್‌ವೈಸರು ಕಬ್ಬಿಣದ ಪ್ಲೇಟನ್ನು ನನ್ನ ಮೈದುನನ ಕಾಲ ಬಳಿ ಎಸೆದ. ಎಸೆದ ಎನ್ನುವುದಕ್ಕಿಂತ ಎಸೆಯಲು ನೋಡಿದ ಎನ್ನಬೇಕು. ಪ್ಲೇಟು ಅವನು ಅಂದುಕೊಂಡದ್ದಕ್ಕಿಂತ ಭಾರವಿದ್ದುದರಿಂದ ಅವನ ಬೂಟಿನ ಪಕ್ಕದಲ್ಲೇ ಬಿತ್ತು, ಅವನೇ ಹಿಂದಕ್ಕೆ ಹಾರಿದ. ನಗು ಬಂತು. ಆದರೆ ಆ ಶೆಡ್ಡಿನಲ್ಲಿ ನಗುವುದಕ್ಕೂ ಅವನ ಅಪ್ಪಣೆ ಬೇಕಿತ್ತು. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ನಾವು ಮೂವರು ಹೆಂಗಸರು ತಲೆ ಬಗ್ಗಿಸಿ ಉಳಿಯ ಮೇಲೆ ಸುತ್ತಿಗೆ ಬಡಿಯುತ್ತಾ ಹೋದೆವು. ಮೈದುನ ಮುಖದ ಕಪ್ಪು ಗಾಜನ್ನು ಮೇಲೆತ್ತಿ, ತಾನು ಕತ್ತರಿಸಿದ ಪ್ಲೇಟನ್ನು ಬೇರೆ ಯಾರದೋ ಎಂಬಂತೆ ಬಗ್ಗಿ ನೋಡಿ, “ಹೌದಲ್ವಾ ಸಾರ್” ಎಂದ.

ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಎನ್ನುವುದು ನಮಗೆ ಮೂವರಿಗೆ ಮಾತ್ರ ಗೊತ್ತಿತ್ತು.

ಯಾಕೆಂದರೆ ನನ್ನ ಮೈದುನನಂಥ ಜಂಬದ ಕೋಳಿ ಇನ್ನೊಂದಿಲ್ಲ. ಕಬ್ಬಿಣ ಕತ್ತರಿಸುವ ಪ್ಲಾಸ್ಮಾ ಮೆಷಿನ್ನಿನ ಗನ್ನು ಅವನ ಕೈಯಲ್ಲಿದ್ದರೆ ಪ್ಲೇಟು ಬೆಣ್ಣೆಯ ಹಾಗೆ ಬಿಟ್ಟುಕೊಳ್ಳುತ್ತದೆ ಎಂದು ಎಲ್ಲರೂ ಅವನನ್ನು ಬೆಣ್ಣೆಗೈ ಎಂದು ಕರೆಯುತ್ತಿದ್ದರು. ಆ ಹೆಸರು ಯಾರು ಇಟ್ಟರು ಎಂದು ವಿಚಾರಿಸಿದರೆ, ಅದೂ ಅವನೇ. ಮನೆಯಲ್ಲಿ ಈರುಳ್ಳಿ ಹೆಚ್ಚಿದರೂ ಒಂದು ಹೋಳು ಎತ್ತಿ ಹಿಡಿದು, ಅಂಚು ನೋಡಿ ಅತ್ತಿಗೆ ಎನ್ನುವವನು. ಅಂಥವನು ತಿಂಗಳುಗಟ್ಟಲೆ ಕೆಟ್ಟದಾಗಿ ಕತ್ತರಿಸಿ, ಬೈಸಿಕೊಂಡು, ಹೌದಲ್ವಾ ಸಾರ್ ಎನ್ನುತ್ತಿದ್ದ. ಮಾಡಿಸಿದವಳು ನಾನು.

ಕಬ್ಬಿಣ ಕತ್ತರಿಸುವಾಗ ಕರಗಿದ್ದೆಲ್ಲ ಮೆಷಿನ್ನಿನ ಗಾಳಿಗೆ ಕೆಳಗೆ ಹಾರಿಹೋಗಬೇಕು. ಹೋಗದೆ ಉಳಿದದ್ದು ಅಂಚಿನ ಅಡಿಯಲ್ಲಿ ಹೆಪ್ಪುಗಟ್ಟಿ ಜೋತುಬೀಳುತ್ತದೆ. ಅದೇ ಕಿಟ್ಟ. ಅದನ್ನು ಉಳಿಯಿಂದ ಎಬ್ಬಿಸಿ ಅಂಚು ಚೊಕ್ಕ ಮಾಡುವುದು ನಮ್ಮ ಕೆಲಸ. ನಮ್ಮಲ್ಲಿ ಹಿರಿಯಳು ದೊಡ್ಡಮ್ಮ. ಅವಳ ಮಂಡಿ ಎರಡೂ ಸವೆದಿವೆ, ಕೂತಲ್ಲಿಂದ ಏಳಬೇಕಾದರೆ ಇಬ್ಬರು ಹಿಡಿಯಬೇಕು, ಆದರೂ ಉಳಿ ಹಿಡಿದರೆ ಗುರಿ ತಪ್ಪುವುದಿಲ್ಲ. ಇನ್ನೊಬ್ಬಳನ್ನು ರೇಡಿಯೋ ಎನ್ನುತ್ತೇವೆ, ಯಾಕೆ ಎಂದು ಅವಳ ಪಕ್ಕ ಕೂತ ಕೂಡಲೇ ಗೊತ್ತಾಗುತ್ತದೆ. ಮೂರನೆಯವಳು ನಾನು. ನನ್ನ ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡು ಮಲಗಿದ ಮೇಲೆ ನಮ್ಮ ಒಲೆ ಉರಿಯುವುದು ಈ ಕಿಟ್ಟದಿಂದ.

ಬೈದ ಆ ಸೂಪರ್‌ವೈಸರು ಶೆಡ್ಡಿನ ಯಜಮಾನರ ಹೆಂಡತಿಯ ತಮ್ಮ. ಒಳ್ಳೆಯ ಪ್ಲೇಟಿನ ಕೆಳಗೆ ಅಂಟಿಕೊಂಡು, ಎಷ್ಟು ಬಡಿದರೂ ಉದುರದವನು ಎಂದು ನಾವು ಅವನಿಗೆ ಕಿಟ್ಟಪ್ಪ ಎಂದು ಹೆಸರಿಟ್ಟಿದ್ದೆವು. ಅದೇನೂ ಗುಟ್ಟಲ್ಲ, ಎದುರಿಗೇ ಹೇಳುತ್ತಿದ್ದೆವು. ಪ್ಲೇಟಿನ ಕಡೆ ಕೈ ತೋರಿಸಿ, ಈ ಕಿಟ್ಟಪ್ಪನ ಕಾಟ ದಿನದಿನಕ್ಕೂ ಜಾಸ್ತಿಯಾಯಿತು ಎಂದು ರೇಡಿಯೋ ಗೊಣಗಿದರೆ, ಅವನೂ ಪ್ಲೇಟು ನೋಡಿ ಹೂಂ ಎಂದು ತಲೆಯಾಡಿಸುತ್ತಿದ್ದ.

ಹಿಂದೆ ಗ್ಯಾಸಿನಲ್ಲಿ ಕತ್ತರಿಸುತ್ತಿದ್ದ ಕಾಲದಲ್ಲಿ ಕಿಟ್ಟಕ್ಕೆ ಬರವೇ ಇರಲಿಲ್ಲ. ಆಮೇಲೆ ಪ್ಲಾಸ್ಮಾ ಬಂತು. ಬೆಣ್ಣೆಗೈ ಹೊಸ ಮೆಷಿನ್ನಿನ ಸುತ್ತ ಮದುವಣಿಗನ ಹಾಗೆ ಓಡಾಡಿದ. ದಪ್ಪ ಪ್ಲೇಟಿಗೆ ಕರೆಂಟು ಎಷ್ಟು, ತೆಳು ಪ್ಲೇಟಿಗೆ ಎಷ್ಟು, ಗಾಳಿ ಎಷ್ಟು ಬಿಡಬೇಕು, ಗನ್ನಿನ ಮೂತಿ ಪ್ಲೇಟಿನಿಂದ ಎಷ್ಟು ಮೇಲಿರಬೇಕು, ಕೈ ಎಷ್ಟು ಬೇಗ ಓಡಬೇಕು ಎಂದು ತುಂಡು ಕಬ್ಬಿಣದ ಮೇಲೆ ಗೀರಿ ಗೀರಿ ನೋಡಿದ. ಕೆಲವೇ ದಿನಗಳಲ್ಲಿ ಪ್ಲೇಟಿನ ಅಂಚು ಹೇಗೆ ಬರತೊಡಗಿತೆಂದರೆ ನಮಗೆ ಎಬ್ಬಿಸಲು ಏನೂ ಉಳಿಯಲಿಲ್ಲ. ನಾವು ಅಂಚು ಸವರಿ ಸವರಿ, ಭೇಷ್ ಎಂದು ಹೊಗಳಿದೆವು. ಹೊಗಳಿದವರ ಬುದ್ಧಿಗೆ ಏನೆನ್ನಬೇಕು.

ಯಜಮಾನರು ಬಂದರು. ಅವರೂ ಅಂಚಿನ ಮೇಲೆ ಬೆರಳಾಡಿಸಿ ಖುಷಿಪಟ್ಟರು. ಆಮೇಲೆ ನಮ್ಮ ಕಡೆ ತಿರುಗಿ, ಮನೆಯಲ್ಲಿ ಹೆಚ್ಚಾಗಿ ಉಳಿದ ಕುರ್ಚಿಗಳನ್ನು ನೋಡುವ ಹಾಗೆ ನೋಡಿ, ಹಾಗಾದರೆ ಇವರು ಯಾಕೆ ಎಂದು ಕಿಟ್ಟಪ್ಪನನ್ನು ಕೇಳಿದರು. ನಮ್ಮನ್ನು ಕೇಳಲಿಲ್ಲ. ಇನ್ನು ಸ್ವಲ್ಪ ದಿನ ನೋಡೋಣ, ಹೀಗೇ ಬಂದರೆ ಕಳಿಸಿಬಿಡು ಎಂದು ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೇಳಿ ಹೋದರು.

ಅವತ್ತು ಮನೆಯಲ್ಲಿ ಮೈದುನ ಅದೇ ಜಂಬದಲ್ಲಿ ಕಾಲು ಚಾಚಿ ಕೂತಿದ್ದ. ಯಜಮಾನರು ಬೆರಳಾಡಿಸಿದ ರೀತಿಯನ್ನು ತನ್ನ ಹೆಂಡತಿಗೆ ಅಭಿನಯಿಸಿ ತೋರಿಸುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

“ನಿನ್ನ ಬೆಣ್ಣೆಗೆ ಬೆಂಕಿ ಬೀಳ. ನಿನ್ನ ಕಟಿಂಗು ಚೆಂದ ಆದಷ್ಟೂ ನಮ್ಮ ಹೊಟ್ಟೆಗೆ ಕನ್ನ ಬೀಳುತ್ತೆ ಕಣೋ. ನಾಳೆಯಿಂದ ಕಿಟ್ಟ ಬಿಡು.”

“ನನ್ನ ಕೈಯಲ್ಲಿ ಕೆಟ್ಟದು ಬರಲ್ಲ ಅತ್ತಿಗೆ. ಬರಲ್ಲ ಅಂದ್ರೆ ಬರಲ್ಲ.”

“ಬರಲ್ಲ ಅಂತ ನನ್ನ ಹತ್ರ ಜಂಬ ಕೊಚ್ಚಬೇಡ. ಕಲಿ.”

ಅವನು ಊಟ ಬಿಟ್ಟು ಎದ್ದ. ಒಳಗೆ ಮಲಗಿದ್ದ ನನ್ನ ಗಂಡ, ತಮ್ಮನನ್ನು ಹೆಸರು ಹಿಡಿದು ಕೂಗಿ ಏನೂ ಹೇಳದೆ ಸುಮ್ಮನಾದ. ಆ ಸುಮ್ಮನಿರುವಿಕೆ ನನ್ನ ಬೈಗುಳಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಮರುದಿನದಿಂದ ಬೆಣ್ಣೆಗೈ ಕೆಟ್ಟದಾಗಿ ಕತ್ತರಿಸುವುದನ್ನು ಕಲಿಯತೊಡಗಿದ. ಅದು ಅಷ್ಟು ಸುಲಭದ ವಿದ್ಯೆಯಲ್ಲ. ಮೊದಲು ಕರೆಂಟು ತೀರಾ ಕಡಿಮೆ ಇಟ್ಟ, ಪ್ಲೇಟು ಅರ್ಧ ಕತ್ತರಿಸಿ ಅರ್ಧ ಹಾಗೇ ನಿಂತಿತು. ಆಮೇಲೆ ಕೈಯನ್ನು ಸರಸರ ಓಡಿಸಿದ. ಆಗ ಬಂದದ್ದು ಗಟ್ಟಿ ಕಿಟ್ಟ. ಸಣ್ಣ ದಾರದ ಹಾಗೆ ಕಾಣಿಸುತ್ತದೆ, ಆದರೆ ಕಬ್ಬಿಣಕ್ಕೆ ಕಬ್ಬಿಣವೇ ಬೆಸೆದುಕೊಂಡಿರುತ್ತದೆ. ಅದನ್ನು ಎಬ್ಬಿಸಲು ಹೋಗಿ ದೊಡ್ಡಮ್ಮನ ಉಳಿ ಜಾರಿ ಹೆಬ್ಬೆರಳು ಊದಿಕೊಂಡಿತು. ಅವಳು ನಮ್ಮ ಮನೆತನದ ಮೂರು ತಲೆಮಾರನ್ನು ಸಾಲಾಗಿ ನಿಲ್ಲಿಸಿ ಬೈದಳು. ಕೊನೆಗೆ ಅವನು ಗನ್ನಿನ ಮೂತಿಯನ್ನು ಒಂದು ಕೂದಲೆಳೆ ಮೇಲೆತ್ತಿ, ಕೈಯನ್ನು ನಿಧಾನ ಮಾಡಿದ. ಆಗ ಬಂತು ನೋಡಿ, ದಪ್ಪಗೆ, ಉಬ್ಬುಬ್ಬಾಗಿ, ನೋಡಿದವರು ಥೂ ಎನ್ನುವಂಥ ಕಿಟ್ಟ. ಉಳಿ ಇಟ್ಟು ಒಂದು ಏಟು ಹಾಕಿದರೆ ಗೇಣುದ್ದ ಕಳಚಿ ಬೀಳುತ್ತಿತ್ತು. ಅದಕ್ಕೆ ನಾವು ಮೆದು ಕಿಟ್ಟ ಎಂದೆವು.

ಆಮೇಲೆ ದಿನಾ ಮನೆಗೆ ಬಂದ ಮೇಲೆ, ಸಾರಿಗೆ ಉಪ್ಪು ಸಾಕಾ ಎಂದು ಕೇಳುವವರ ಹಾಗೆ, ಇವತ್ತು ಹೇಗಿತ್ತು ಅತ್ತಿಗೆ ಎನ್ನುತ್ತಿದ್ದ. ಸ್ವಲ್ಪ ಗಟ್ಟಿ ಎಂದರೆ ಮಾರನೆಯ ದಿನ ಸರಿಮಾಡುತ್ತಿದ್ದ. ತೀರಾ ಮೆದುವಾದರೆ ನಾವು ಬೇಗ ಮುಗಿಸಿ ಕೈಕಟ್ಟಿ ಕೂರಬೇಕಾಗುತ್ತಿತ್ತು, ಅದೂ ಅಪಾಯ. ಹೀಗೆ ಹೇಳಿ ಹೇಳಿ ಹದಕ್ಕೆ ತಂದೆವು. ನಿಜ ಹೇಳಬೇಕೆಂದರೆ ನಮಗೆ ಅದರಲ್ಲಿ ಮಜಾ ಬರತೊಡಗಿತು. ನಮ್ಮ ಜನ್ಮದಲ್ಲಿ ನಮಗೆ ಹೇಗೆ ಬೇಕು ಎಂದು ಕೇಳಿ ಕೆಲಸ ಮಾಡಿಕೊಟ್ಟ ಗಂಡಸು ಅವನೊಬ್ಬನೇ.

ಅವನಿಗೆ ಮಾತ್ರ ಮಜಾ ಇರಲಿಲ್ಲ. ಶೆಡ್ಡಿನಲ್ಲಿ ಹೆಸರು ಕೆಟ್ಟಿತು. ಬೆಸುಗೆ ಹಾಕುವವನು, ಬೆಣ್ಣೆ ಕರಗಿ ನೀರಾಯಿತು ಎಂದು ಅವನನ್ನು ಮಜ್ಜಿಗೆ ಎಂದು ಕರೆದ. ಬಣ್ಣ ಬಳಿಯುವವನೂ ಹಾಗೇ ಕರೆದ. ಗೇಟು ಕಾಯುವವನಂತೂ ಬೆಳಗ್ಗೆ ಒಳಗೆ ಬಿಡುವಾಗಲೇ ಏನಪ್ಪಾ ಮಜ್ಜಿಗೆ ಎನ್ನುತ್ತಿದ್ದ. ಶೆಡ್ಡಿನಲ್ಲಿ ಗುಟ್ಟು ನಮ್ಮ ನಾಲ್ವರಲ್ಲೇ ಇರಬೇಕಿತ್ತು, ಹಾಗಾಗಿ ಅವನು ಬಾಯಿ ಬಿಡುವಂತಿರಲಿಲ್ಲ. ಮನೆಯಲ್ಲಿ ಈರುಳ್ಳಿ ಹೆಚ್ಚುವುದನ್ನೂ ನಿಲ್ಲಿಸಿದ. ಅವನ ಹೆಂಡತಿ ನನ್ನನ್ನು ಒಂಥರಾ ನೋಡತೊಡಗಿದಳು. ನನಗೆ ಪಾಪ ಅನ್ನಿಸುತ್ತಿತ್ತು, ಆದರೆ ಪಾಪ ಅನ್ನಿಸಿದಷ್ಟಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕೂರಲು ಆಗುತ್ತದೆಯೇ.

ಕಿಟ್ಟಪ್ಪನಿಗೆ ಒಂದು ಉಪಾಯ ಹೊಳೆಯಿತು. ಈ ಬೋಳಿಮಗ ಗುಂಡಿಗಳನ್ನು ಮನಸ್ಸಿಗೆ ಬಂದ ಹಾಗೆ ತಿರುಗಿಸಿ ಮೆಷಿನ್ನು ಹಾಳು ಮಾಡುತ್ತಿದ್ದಾನೆ ಎಂದು ಅವನ ವಾದ. ಮೆಷಿನ್ನಿನ ಜೊತೆ ಬಂದ ಪಟ್ಟಿ ನೋಡಿ ಕರೆಂಟಿನ ಗುಂಡಿ, ಗಾಳಿಯ ಗುಂಡಿ ಎರಡನ್ನೂ ತಾನೇ ಸರಿಯಾದ ಜಾಗಕ್ಕೆ ತಿರುಗಿಸಿ, ಮೇಲೆ ತಗಡಿನ ಡಬ್ಬಿ ಮುಚ್ಚಿ ಬೀಗ ಹಾಕಲು ಹೊರಟ. ಆ ಡಬ್ಬಿಯ ತಗಡನ್ನು ಕತ್ತರಿಸಿದವನು ಬೆಣ್ಣೆಗೈ. ಕಿಟ್ಟ ಅಡ್ಡ ಬಂದು ಮುಚ್ಚಳ ಕೂರಲಿಲ್ಲ. ನಾವು ಎಬ್ಬಿಸಿಕೊಟ್ಟೆವು. ಬೀಗ ಬಿತ್ತು, ಬೀಗದ ಕೈ ಕಿಟ್ಟಪ್ಪನ ಸೊಂಟ ಸೇರಿತು.

ಕಿಟ್ಟ ಬರುತ್ತಲೇ ಇತ್ತು. ಬೀಗ ಬಿದ್ದದ್ದು ಗುಂಡಿಗೆ, ಗನ್ನು ಹಿಡಿದ ಕೈ ಬೆಣ್ಣೆಗೈಯದೇ ಇತ್ತಲ್ಲ. ಕಿಟ್ಟಪ್ಪ ದಿನಕ್ಕೆ ಹಲವು ಸಲ ಬೀಗ ತೆಗೆದು, ಗುಂಡಿ ಅಲ್ಲೇ ಇದೆಯೇ ಎಂದು ನೋಡಿ, ಮತ್ತೆ ಬೀಗ ಹಾಕುತ್ತಿದ್ದ. ಅಲ್ಲೇ ಇರುತ್ತಿತ್ತು. ಒಂದು ದಿನ ಅವನು ಮೆಷಿನ್ನಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ರೇಡಿಯೋ ಕೇಳಿಸಿಕೊಂಡು ಬಂದಳು. ನಾವು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು.

ನಗು ಹೆಚ್ಚು ದಿನ ನಿಲ್ಲಲಿಲ್ಲ. ದೊಡ್ಡ ಗಿರಾಕಿಯೊಬ್ಬನನ್ನು ಕರೆದುಕೊಂಡು ಯಜಮಾನರು ಶೆಡ್ಡಿಗೆ ಬಂದರು. ಗಿರಾಕಿ ಪ್ಲೇಟಿನ ಕೆಳಗೆ ಕೈ ಹಾಕಿ ನೋಡಿ ಮುಖ ಕಿವುಚಿದ. ಯಜಮಾನರು ನಗುನಗುತ್ತಲೇ ಬೆಣ್ಣೆಗೈಯನ್ನು ಹತ್ತಿರ ಕರೆದರು.

“ಬಾಯಿ ತೆಗಿಯೋ.”

ತೆಗೆದ. ಅವರು ಮೂಗು ಮುಂದೆ ತಂದು ಮೂಸಿದರು. ಹೆಂಡದ ವಾಸನೆ ಇರಲಿಲ್ಲ, ಅದು ಅವರಿಗೆ ಬೇಸರ ತಂದ ಹಾಗೆ ಕಂಡಿತು. ಕೈ ಚಾಚು ಎಂದರು. ಅವನು ಶಾಲೆಯಲ್ಲಿ ಏಟಿಗೆ ಚಾಚುವ ಹಾಗೆ ಎರಡೂ ಕೈ ಚಾಚಿದ. ಕೈ ನಡುಗುತ್ತದೆಯೋ ಎಂದು ನೋಡಲು ಯಜಮಾನರು ಜೇಬಿನಿಂದ ಒಂದು ಸಿಗರೇಟು ತೆಗೆದು ಅವನ ಬೆರಳುಗಳ ಮೇಲೆ ಅಡ್ಡ ಇಟ್ಟರು. ಸಿಗರೇಟು ಕದಲಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವನ ಕಿವಿ ಕೆಂಪಾಗಿತ್ತು, ಕೈ ಮಾತ್ರ ಕಲ್ಲಿನ ಹಾಗಿತ್ತು.

“ಕೈ ಸರಿ ಇದೆ. ನಡುಗ್ತಿರೋದು ಮೆದುಳು” ಎಂದರು ಯಜಮಾನರು. ಗಿರಾಕಿ ನಕ್ಕ. ಅವನು ನಕ್ಕದ್ದು ನೋಡಿ ಕಿಟ್ಟಪ್ಪನೂ ನಕ್ಕ. ಯಜಮಾನರು ಆ ಸಿಗರೇಟನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ಕಸಕ್ಕೆ ಎಸೆದು, ಪ್ಯಾಕಿನಿಂದ ಬೇರೊಂದು ತೆಗೆದು ಹಚ್ಚಿಕೊಂಡರು.

ಎದ್ದು ಹೋಗಿ, ಇವನು ಬೇಕಂತಲೇ ಮಾಡುತ್ತಿದ್ದಾನೆ, ನಿಮ್ಮ ಅಪ್ಪನ ಕೈಯಲ್ಲೂ ಇಂಥ ಅಂಚು ಬರುವುದಿಲ್ಲ ಎಂದು ಕೂಗಬೇಕು ಅನ್ನಿಸಿತು. ದೊಡ್ಡಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದಳು. ಅವತ್ತು ಸಂಜೆ ದಾರಿಯಲ್ಲಿ ನಾನೇ ಅವನಿಗೆ ಹೇಳಿದೆ, ಸಾಕು ಬಿಡು, ನೀನು ಚೆನ್ನಾಗಿ ಕತ್ತರಿಸು, ನಮ್ಮದು ಹೇಗೋ ಆಗುತ್ತದೆ ಎಂದು. ಅವನು, ಇವತ್ತಿನದು ಹದವಾಗಿತ್ತಾ ಎಂದು ಕೇಳಿದ. ನಾನು ಹೂಂ ಎಂದೆ. ನನಗೆ ಅಳು ಬಂದಿತ್ತು.

ಯಜಮಾನರು ಮೆಷಿನ್ನು ಮಾರಿದವರಿಗೆ ಹೇಳಿಕಳಿಸಿದರು. ಒಬ್ಬ ಮೆಕ್ಯಾನಿಕ್ ಬಂದ. ಒಳ್ಳೆಯ ಮನುಷ್ಯ, ಚೀಲ ಕೆಳಗಿಡುವ ಮೊದಲು ನಮಗೂ ನಮಸ್ಕಾರ ಎಂದ. ಅವತ್ತೇ ಗಿರಾಕಿಯ ಲಾರಿ ಮಾಲಿಗೆಂದು ಬಂದು ಗೇಟಿನಲ್ಲಿ ನಿಂತಿತ್ತು. ಮೆಕ್ಯಾನಿಕ್ ಡಬ್ಬಿಯ ಬೀಗ ತೆಗೆಸಿ, ಗುಂಡಿ ನೋಡಿ, ಗಾಳಿ ನೋಡಿ, ತಾನೇ ಗನ್ನು ಹಿಡಿದು ಒಂದು ಗೆರೆ ಎಳೆದ. ಅಂಚು ಚೊಕ್ಕವಾಗಿ ಬಂತು. ಮೆಷಿನ್ನಿಗೆ ಏನೂ ಆಗಿಲ್ಲ ಎಂದ. ನಾವು ಉಳಿ ಬಡಿಯುವುದನ್ನು ನಿಲ್ಲಿಸಿದೆವು. ಆದರೂ ಹೆಚ್ಚೆಂದರೆ ಬೆಣ್ಣೆಗೈ ಕೆಲಸ ಬಾರದವನು ಎಂದಾಗುತ್ತಿತ್ತು, ಅದು ಮೊದಲೇ ಆಗಿಹೋಗಿತ್ತು. ಕೆಡಿಸಿದ್ದು ಆಮೇಲೆ ನಡೆದ ಮಾತು.

ಮೆಕ್ಯಾನಿಕ್ ನಮ್ಮ ಮುಂದಿದ್ದ ಪ್ಲೇಟುಗಳ ರಾಶಿಯ ಬಳಿ ಕೂತ. ಒಂದನ್ನು ಮಗುಚಿ ಕಿಟ್ಟದ ಮೇಲೆ ಬೆರಳಾಡಿಸಿದ. ಇನ್ನೊಂದನ್ನು ಮಗುಚಿದ. ಮತ್ತೊಂದನ್ನೂ ಮಗುಚಿ ನೋಡಿ, ತಲೆಯೆತ್ತಿ ಯಜಮಾನರಿಗೆ ಹೇಳಿದ:

“ಇದು ಕೆಲಸ ಬರದವರು ಮಾಡಿದ್ದಲ್ಲ ಸಾರ್. ಬರದವರದು ಒಂದು ಕಡೆ ಬರುತ್ತೆ, ಒಂದು ಕಡೆ ಬರಲ್ಲ. ಈ ಕಿಟ್ಟ ನೋಡಿ, ಈ ತುದಿಯಿಂದ ಆ ತುದಿಗೆ ಮಣಿ ಪೋಣಿಸಿದ ಹಾಗಿದೆ. ಎಲ್ಲಾ ಪ್ಲೇಟಲ್ಲೂ ಒಂದೇ ಸಮ. ಇಂಥ ಕೈ ನಾನು ನೋಡೇ ಇಲ್ಲ.”

ಅವನು ಮೆಚ್ಚಿ ಹೇಳಿದ್ದೇ ಹೊರತು ಚಾಡಿಯಲ್ಲ. ಜಂಬದ ಕೋಳಿಯ ಜಂಬ ಕೆಟ್ಟ ಕೆಲಸದಲ್ಲೂ ಅಡಗಿ ಕೂತಿತ್ತು. ಕೆಡಿಸುವುದನ್ನೂ ಅವನು ಚೆಂದವಾಗಿ ಕೆಡಿಸಿದ್ದ. ಆ ಮಾತು ಕಿಟ್ಟಪ್ಪನ ತಲೆಯ ಮೇಲಿಂದ ಹಾರಿಹೋಯಿತು. ಆದರೆ ಬೆಣ್ಣೆಗೈ, ಎಷ್ಟೋ ದಿನಗಳ ಮೇಲೆ ತನ್ನ ಕೈಯ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿದವನು, ತಡೆಯಲಾರದೆ ಹಲ್ಲು ಬಿಟ್ಟ. ಕಿವಿಯಿಂದ ಕಿವಿಯವರೆಗೆ ಮುಖ ಅರಳಿತು. ಯಜಮಾನರು ಪ್ಲೇಟು ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದರು. ಅವರು ದಡ್ಡರಲ್ಲ.

ಅವರು ಅವನನ್ನು ನೋಡಿದರು, ನಮ್ಮನ್ನು ನೋಡಿದರು, ನಮ್ಮ ಮುಂದಿದ್ದ ಕಿಟ್ಟದ ಗುಡ್ಡೆಯನ್ನು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಒಂದು ಹೊಸ ಪ್ಲೇಟು ತರಿಸಿ ಮೇಜಿನ ಮೇಲೆ ಹಾಕಿಸಿದರು. ಸೀಮೆಸುಣ್ಣದಿಂದ ಈ ತುದಿಯಿಂದ ಆ ತುದಿಗೆ ತಾವೇ ಒಂದು ಗೆರೆ ಎಳೆದರು. ಡಬ್ಬಿಯ ಮುಚ್ಚಳ ತೆಗೆದೇ ಇರಲಿ ಎಂದು ಕಿಟ್ಟಪ್ಪನಿಗೆ ಹೇಳಿದರು.

“ಗುಂಡಿ ನೀನೇ ತಿರುಗಿಸ್ಕೋ. ಗೆರೆ ಕುಯ್ಯಿ. ಕಿಟ್ಟ ಬಂತೋ, ನೀನು ಗೇಟಿಂದ ಆಚೆ. ಬರಲಿಲ್ವೋ, ಈ ಮುಂಡೇವು ಮೂರೂ ಆಚೆ. ನಿನ್ನ ಕೈ, ನಿನ್ನ ಇಷ್ಟ.”

ಹೇಳಿ, ಒಂದು ಸ್ಟೂಲು ಎಳೆದುಕೊಂಡು ಕೂತರು, ಮನರಂಜನೆಗೆ ಕೂತವರ ಹಾಗೆ. ಬೆಸುಗೆಯವನು ತನ್ನ ಮೆಷಿನ್ನು ಆರಿಸಿದ. ಬಣ್ಣದವನು ಕುಂಚ ಹಿಡಿದುಕೊಂಡೇ ಬಂದು ನಿಂತ. ವಿಷಯ ಏನೆಂದು ಅವರಿಗೂ ಈಗ ಅರ್ಥವಾಗಿತ್ತು. ರೇಡಿಯೋ ಮಾತಾಡುವುದನ್ನು ನಿಲ್ಲಿಸಿದ್ದನ್ನು ನಾನು ಕಂಡದ್ದು ಅವತ್ತೇ.

ಬೆಣ್ಣೆಗೈ ಅವಸರ ಮಾಡಲಿಲ್ಲ. ಕಂಪ್ರೆಸರಿನ ಕೆಳಗಿನ ನಲ್ಲಿ ತಿರುಗಿಸಿ ಒಳಗೆ ನಿಂತಿದ್ದ ನೀರನ್ನೆಲ್ಲ ಹೊರಗೆ ಬಿಟ್ಟ. ಗನ್ನಿನ ಮೂತಿ ಬಿಚ್ಚಿ, ತೂತು ಅಗಲವಾಗಿದ್ದ ಹಳೆಯದನ್ನು ತೆಗೆದು ಹೊಸದು ಹಾಕಿದ. ಕರೆಂಟಿನ ಗುಂಡಿಯನ್ನು ಸ್ವಲ್ಪ ಏರಿಸಿದ, ತುಂಡು ಕಬ್ಬಿಣದ ಮೇಲೆ ಒಂದು ಗೀರು ಹಾಕಿ ಕಿಡಿ ಯಾವ ಕಡೆ ಬೀಳುತ್ತದೆ ನೋಡಿದ, ಒಂದಿಷ್ಟು ಇಳಿಸಿದ. ಗಾಳಿಯ ಗುಂಡಿಯನ್ನು ತಿರುಗಿಸಿ ಕಿವಿಗೊಟ್ಟು ಕೇಳಿದ. ಅವನ ಬೆರಳು ಎಷ್ಟು ಆಸೆಯಿಂದ ಓಡಾಡುತ್ತಿತ್ತು ಎಂದರೆ, ಇವನು ಚೊಕ್ಕವಾಗಿಯೇ ಕತ್ತರಿಸುತ್ತಾನೆ ಎಂದು ನನಗೆ ಖಾತ್ರಿಯಾಯಿತು. ನನಗೆ ಮಲಗಿರುವ ಗಂಡ ಕಣ್ಣ ಮುಂದೆ ಬಂದ. ದೊಡ್ಡಮ್ಮನ ಮಂಡಿ ಕಣ್ಣ ಮುಂದೆ ಬಂತು, ಆ ಮಂಡಿ ಇಟ್ಟುಕೊಂಡು ಅವಳು ಇಟ್ಟಿಗೆ ಹೊರುವ ಕೆಲಸಕ್ಕೆ ಹೋಗಲಾರಳು. ಆದರೆ ಚಾಚಿದ ಕೈ, ಬೆರಳ ಮೇಲಿನ ಸಿಗರೇಟು ಕೂಡ ಕಣ್ಣ ಮುಂದೆಯೇ ಇತ್ತು.

“ಚೆನ್ನಾಗೇ ಕುಯ್ಯೋ. ನಮ್ಮ ಚಿಂತೆ ಬಿಡು” ಎಂದು ಕೂಗಿಬಿಟ್ಟೆ.

ಅವನು ಕಪ್ಪು ಗಾಜು ಇಳಿಸಿದ. ಗನ್ನು ಹತ್ತಿತು. ಹೊಸ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದಂಥ ಸದ್ದು. ಕಿಡಿಯೆಲ್ಲ ಪ್ಲೇಟಿನ ಕೆಳಗೆ ನೆಟ್ಟಗೆ ಸುರಿಯಿತು, ಮೇಲೆ ಒಂದು ಚುಕ್ಕಿಯೂ ಹಾರಲಿಲ್ಲ. ಕೈ ಗೆರೆಯ ಮೇಲೆ ಎಲ್ಲೂ ಕುಂಟದೆ ಹೋಯಿತು. ನಾನು ಉಳಿಯನ್ನು ಬಿಗಿಯಾಗಿ ಹಿಡಿದುಕೊಂಡೆ, ಇನ್ನೇನು ಅದನ್ನು ಕೆಳಗಿಟ್ಟು ಮನೆಗೆ ಹೋಗಬೇಕಲ್ಲ ಎಂದು. ಯಜಮಾನರು ಸ್ಟೂಲಿನ ಮೇಲೆ ಮುಂದಕ್ಕೆ ಬಗ್ಗಿದ್ದರು.

ಪ್ಲೇಟಿನ ನಡುಮಧ್ಯ ಬಂದಾಗ ಸದ್ದು ಬದಲಾಯಿತು. ಕೈ ನಿಧಾನವಾಯಿತು. ನನಗೆ ಚೆನ್ನಾಗಿ ಗೊತ್ತಿದ್ದ ನಿಧಾನ. ಸದ್ದು ದಪ್ಪಗಾಗಿ ಗೊರಗೊರ ಎಂದಿತು, ಅಡಿಯಲ್ಲಿ ಕೆಂಪಗೆ ಕರಗಿದ್ದು ಹಾರಿಹೋಗದೆ ಜೋತುಬೀಳತೊಡಗಿತು. ಅದೇ ನಿಧಾನದಲ್ಲಿ ಅವನು ಕೊನೆಯವರೆಗೂ ಹೋಗಿ ಗನ್ನು ಆರಿಸಿದ.

ಇಕ್ಕಳದಲ್ಲಿ ಹಿಡಿದು, ಪ್ಲೇಟನ್ನು ಮಗುಚಿ ಯಜಮಾನರ ಮುಂದೆ ಇಟ್ಟ. ಅಂಚಿನ ಅರ್ಧ ಉಜ್ಜಿ ತೊಳೆದ ಹಾಗಿತ್ತು. ಇನ್ನರ್ಧದಲ್ಲಿ ಮೆದು ಕಿಟ್ಟ, ಒಂದೇ ಸಮ. ಎರಡೂ ಸೇರುವ ಜಾಗ ನಡುವಿಗೆ ಸರಿಯಾಗಿ ಬಂದಿತ್ತು.

“ಅರ್ಧ ನನ್ನ ಕೈಗೆ. ಅರ್ಧ ಇವರ ಕೈಗೆ. ಯಾವುದೂ ತಪ್ಪಿ ಬಂದಿದ್ದಲ್ಲ ಯಜಮಾನ್ರೇ, ಎರಡೂ ನಾನೇ ಮಾಡಿದ್ದು. ಇನ್ಮೇಲೆ ಹಿಂಗೇ ಬರೋದು.”

ಯಜಮಾನರ ಬಾಯಿಂದ ಆಮೇಲೆ ಬಂದದ್ದನ್ನು ಬರೆದರೆ ಓದುವವರು ಕಿವಿ ತೊಳೆದುಕೊಳ್ಳಬೇಕಾಗುತ್ತದೆ. ಅವನ ತಾಯಿಯಿಂದ ಹಿಡಿದು ನನ್ನ ಮಲಗಿದ ಗಂಡನವರೆಗೆ ಯಾರನ್ನೂ ಬಿಡಲಿಲ್ಲ. ಬೆಣ್ಣೆಗೈ ಗೇಟಿನ ಕಡೆಗೆ ಹೋಗಲಿಲ್ಲ. ನಮ್ಮ ಹತ್ತಿರ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ದೊಡ್ಡಮ್ಮ ತನ್ನ ಸುತ್ತಿಗೆಯನ್ನೂ ಉಳಿಯನ್ನೂ ಮೆಲ್ಲಗೆ ನೆಲಕ್ಕಿಟ್ಟಳು. ರೇಡಿಯೋ ಇಟ್ಟಳು. ನಾನೂ ಇಟ್ಟೆ. ಹೀಗೆ ಮಾಡಬೇಕೆಂದು ನಾವು ಮಾತಾಡಿಕೊಂಡಿರಲಿಲ್ಲ.

ಗೇಟಿನಲ್ಲಿ ಲಾರಿಯವನು ಹಾರ್ನ್ ಹೊಡೆದ. ಲಾರಿಗೆ ಇನ್ನೂ ಬಾಕಿಯಿದ್ದ ಪ್ಲೇಟು ಕತ್ತರಿಸಿಕೊಡು ಎಂದು ಯಜಮಾನರು ಮೆಕ್ಯಾನಿಕ್ ಕಡೆ ತಿರುಗಿದರು. ಅವನು ಆಗಲೇ ಚೀಲದ ಜಿಪ್ಪು ಎಳೆಯುತ್ತಿದ್ದ. ತನ್ನ ಕೆಲಸ ಮೆಷಿನ್ನು ರಿಪೇರಿ ಮಾಡುವುದು, ಮೆಷಿನ್ನು ಸರಿಯಾಗಿದೆ ಎಂದು ಹೇಳಿ, ಹೋಗುವಾಗಲೂ ನಮಗೆ ನಮಸ್ಕಾರ ಹೇಳಿ ಹೋದ. ಯಜಮಾನರು ಬೆಸುಗೆಯವನನ್ನು ಕರೆದರು.

“ನಂಗೆ ಸೇರಿಸೋದಷ್ಟೇ ಬರೋದು ಯಜಮಾನ್ರೇ. ಬೇರೆ ಮಾಡೋದು ಬರಲ್ಲ” ಎಂದ ಅವನು, ಮುಖದಲ್ಲಿ ಒಂದು ಗೆರೆಯೂ ಅಲುಗಾಡದೆ. ಬಣ್ಣದವನು ಕುಂಚವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಉಳಿದವನು ಕಿಟ್ಟಪ್ಪ. ಅವನು ಕಪ್ಪು ಗಾಜು ಕಟ್ಟಿಕೊಂಡಾಗ ಕೈ ನಡುಗುತ್ತಿತ್ತು, ಯಾರೂ ಸಿಗರೇಟು ಇಟ್ಟು ನೋಡಲಿಲ್ಲ. ಗನ್ನು ಹತ್ತಿದ ಕೂಡಲೇ ಹೆದರಿ, ಹಾವು ಕಂಡವನ ಹಾಗೆ ಕೈ ಓಡಿಸಿದ. ಕಿಡಿಯೆಲ್ಲ ಮೇಲಕ್ಕೆ ಎದ್ದು ಅವನ ಅಂಗಿಯ ಮೇಲೇ ಬಿತ್ತು. ಅಯ್ಯೋ ಭಾವ ಎಂದು ಕುಣಿದ. ಆದರೂ ಭಾವನ ಕಣ್ಣಿಗೆ ಹೆದರಿ ಒಂದಾದ ಮೇಲೊಂದು ಪ್ಲೇಟು ಕತ್ತರಿಸಿದ. ಅರ್ಧಕ್ಕರ್ಧ ಪ್ಲೇಟು ತುಂಡಾಗಿ ಬೀಳಲೇ ಇಲ್ಲ, ಒದ್ದು ಬೀಳಿಸಬೇಕಾಯಿತು. ಬಿದ್ದದ್ದನ್ನು ಮಗುಚಿದರೆ ಅಂಚಿನುದ್ದಕ್ಕೂ ಗಟ್ಟಿ ಕಿಟ್ಟ. ಅಷ್ಟು ಗಟ್ಟಿಯದನ್ನು ನಾವು ಗ್ಯಾಸಿನ ಕಾಲದಲ್ಲೂ ಕಂಡಿರಲಿಲ್ಲ.

“ಏ, ಏನೇ ನೋಡ್ತಾ ಕೂತಿದ್ದೀರ, ಎಬ್ಬಿಸ್ರೇ” ಎಂದರು ಯಜಮಾನರು. ನಾವು ಕೂತೇ ಇದ್ದೆವು. ಲಾರಿಯವನು ಮತ್ತೆ ಹಾರ್ನ್ ಹೊಡೆದ. ಏನಮ್ಮಾ, ನಿಮಗೇ ಹೇಳುತ್ತಿರುವುದು ಎಂದರು. ಕೂತೇ ಇದ್ದೆವು. ಅವರು ಬೆವರು ಒರೆಸಿಕೊಂಡು ದೊಡ್ಡಮ್ಮನ ಮುಂದೆ ಬಂದು ನಿಂತು, ನೋಡಿ ಅಕ್ಕ, ಮನೆಯ ಜನರ ಹಾಗೆ ಇಟ್ಟುಕೊಂಡಿದ್ದೇನೆ ಎಂದರು. ಕೇಳಿ ರೇಡಿಯೋಗೆ ಕೆಮ್ಮು ಬಂತು. ಬೆಣ್ಣೆಗೈ ತನ್ನ ಉಗುರು ನೋಡಿಕೊಳ್ಳುತ್ತಿದ್ದ.

ಈ ಮೂವರೂ ನಾಳೆ ಇರುತ್ತಾರೆ ಎಂದು ಒಂದು ಮಾತು ಅವರ ಬಾಯಿಂದ ಬಂದಿದ್ದರೆ ನಾವು ಉಳಿ ಎತ್ತುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ಆ ಮಾತು ಗಟ್ಟಿ ಕಿಟ್ಟದ ಹಾಗೆ ಒಳಗೇ ಬೆಸೆದುಕೊಂಡಿತ್ತು.

ಕೊನೆಗೆ ಅವರು ಇಸ್ತ್ರಿ ಹಾಕಿದ ಪ್ಯಾಂಟನ್ನು ಮಂಡಿಯ ಮೇಲೆ ಎಳೆದುಕೊಂಡು, ಕಿಟ್ಟಪ್ಪ ಕತ್ತರಿಸಿದ ಪ್ಲೇಟಿನ ಮುಂದೆ ಕುಕ್ಕರಿಸಿದರು. ಕೂರುವಾಗ ಒಂದು ಸಲ ಹಿಂದಕ್ಕೆ ಓಲಾಡಿದರು. ದೊಡ್ಡಮ್ಮನ ಮುಂದಿದ್ದ ಉಳಿ ಸುತ್ತಿಗೆ ಎಳೆದುಕೊಂಡರು. ಉಳಿಯನ್ನು ಕಿಟ್ಟಕ್ಕೆ ಒತ್ತಿ ಹಿಡಿದರು.

ಉಳಿ ತಲೆಕೆಳಗಾಗಿತ್ತು. ಮೊಂಡು ತುದಿ ಕಿಟ್ಟದ ಮೇಲೆ, ಹರಿತವಾದ ಬಾಯಿ ಮೇಲೆ, ಅವರ ಹೆಬ್ಬೆರಳು ಅದಕ್ಕೆ ತಾಗಿಕೊಂಡೇ ಇತ್ತು. ದೊಡ್ಡಮ್ಮ ಹೇಳಲೆಂದು ಬಾಯಿ ತೆರೆದಳು, ಅವಳ ಮನಸ್ಸೇ ಅಂಥದ್ದು. ನಾನು ಅವಳ ತೊಡೆಯನ್ನು ಬಲವಾಗಿ ಚಿವುಟಿದೆ. ಯಜಮಾನರು ಸುತ್ತಿಗೆ ಎತ್ತಿದರು.